ಅಕ್ಕನ ಫಿಲ್ಮು, ಅವನ ಬೆಂಚು

ಶಹಾಪುರದ ಆ ದವಾಖಾನೆಯ ಬೆಂಚಿನ ಮೇಲೆ ನಾನು ಮೊದಲ ಸಲ ಕೂತಾಗ ಇನ್ನೂ ಕಾಲೇಜು ಮುಗಿಸಿರಲಿಲ್ಲ. ಒಳಗೆ ಅವ್ವ ಇದ್ದಳು. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಗರ್ಭಚೀಲ ತೆಗೆದ್ ಬಿಡೂಣು, ಮುಂದ ಚಿಂತಿನ ಇರಂಗಿಲ್ಲ" ಎಂದರು. ನಾವು ಕೈ ಮುಗಿದೆವು. ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಎಲ್ಲಿಗೂ ಕಳಿಸಲಿಲ್ಲ. ಕಳಿಸಿದಿರೇನು ಎಂದು ಕೇಳುವ ತಿಳಿವಳಿಕೆ ನಮಗೂ ಇರಲಿಲ್ಲ.

ವರ್ಷ ತುಂಬುವುದರೊಳಗೆ ಅವ್ವನ ಸೊಂಟ ನೋಯತೊಡಗಿತು, ಕಾಲು ಬಾತವು, ಮೂತ್ರ ಕಟ್ಟಿತು. ಕಲಬುರಗಿಯಲ್ಲಿ ನೋಡಿದವರು ನಮ್ಮನ್ನೇ ಬೈದರು. ಅದು ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮೊದಲಿನಿಂದಲೇ ಇತ್ತು, ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡದೆ ಕೊಯ್ದುಬಿಟ್ಟಿದ್ದಾರೆ, ಈಗ ಮಾಡಲು ಹೆಚ್ಚೇನೂ ಉಳಿದಿಲ್ಲ ಎಂದರು. ಅವ್ವನನ್ನು ಮಣ್ಣು ಮಾಡಿ ಬಂದ ದಿನದಿಂದ ಆ ಡಾಕ್ಟರು ನನ್ನ ಮನಸ್ಸಿನಲ್ಲಿ 'ಅವನು' ಆದ. ಇವತ್ತಿಗೂ ಹಾಗೆಯೇ ಇದ್ದಾನೆ.

ಸೇಡು ಹೇಗೆ ತೀರಿಸಿಕೊಳ್ಳಬೇಕು ಎಂಬುದನ್ನು ನಾನು ಕಲಿತದ್ದು ಸುರಪುರದ ನಮ್ಮ ಆಯಿಯಿಂದ, ಅಂದರೆ ಅವ್ವನ ತಾಯಿಯಿಂದ. ಓಣಿಯವನೊಬ್ಬ ಆಯಿಯ ಕೋಳಿ ಹಿಡಿದು ತಿಂದಿದ್ದ. ಆಯಿ ಒಂದೂ ಬೈಗುಳ ಆಡಲಿಲ್ಲ. ದಿನಾ ಮುಂಜಾನೆ ಅವನ ಕಟ್ಟೆಯ ಮೇಲೆ ಹೋಗಿ ಕೂತು, ಹೋಗಿಬರುವವರಿಗೆಲ್ಲ ಆ ಕೋಳಿಯ ಕತೆ ಹೇಳುತ್ತಿದ್ದಳು. ಅದರ ಬಣ್ಣ, ಅದರ ನಡಿಗೆ, ತತ್ತಿ ಇಡುವ ಮುಂಚೆ ಅದು ಮಾಡುತ್ತಿದ್ದ ಬಿನ್ನಾಣ, ಎಲ್ಲ. ಕೇಳಿದವರು ನಗುತ್ತಿದ್ದರು. ನಕ್ಕವರು ಅವನ ಬಾಗಿಲ ಕಡೆ ಒಮ್ಮೆ ನೋಡದೆ ಮುಂದೆ ಹೋಗುತ್ತಿರಲಿಲ್ಲ. ಹನ್ನೊಂದನೆಯ ದಿನ ಅವನು ಎರಡು ಕೋಳಿ ತಂದು ಆಯಿಯ ಮುಂದೆ ಬಿಟ್ಟ. "ಒಂದ ಸಾಕಪಾ, ನಾ ಎರಡರ ಕತಿ ಹೇಳಿಲ್ಲ" ಎಂದು ಆಯಿ ಒಂದನ್ನು ತಿರುಗಿ ಕೊಟ್ಟಳು.

ನಾನು ಯಾದಗಿರಿಯಲ್ಲಿ ಸಾಲಿ ಮಾಸ್ತರಿಣಿಯಾಗಿ ಹಲವು ವರ್ಷ ಕಳೆದ ಮೇಲೆ, ಒಂದು ಸಂಜೆ ದೋರನಹಳ್ಳಿಯಿಂದ ಅಕ್ಕನ ಫೋನು ಬಂತು.

"ತಂಗಿ, ಸೋಮವಾರ ತೆಗೀತಾರಂತ."

"ಏನ ತೆಗೀತಾರ?"

"ಅವ್ವಂದ ತೆಗೆದ್ರಲ್ಲ, ಅದ. ನಂಗೂ ನಡುನಡುವ ರಕ್ತ ಹೋಗಾಕತ್ತಿತ್ತು."

"ಯಾವ ಡಾಕ್ಟರು?"

"ಹತ್ತರ ಆಕ್ಕತಂತ ನಿಮ್ಮ ಮಾಮ ಶಹಾಪುರಕ್ಕ, ಅಲ್ಲಿಗೇ ಕರ್ಕೊಂಡ್ ಹೋದ್ರು. ನೀ ಬೈಬ್ಯಾಡ."

ನಾನು ಬೈಯಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹೋಗಿ ಅಕ್ಕನ ಎರಡು ಸೀರೆ ಚೀಲಕ್ಕೆ ತುಂಬಿದೆ. ಯಾದಗಿರಿಯಲ್ಲಿ ಒಬ್ಬ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿಯಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಅದು ಕ್ಯಾನ್ಸರ್ ಎಂದೇ ಬಂತು. ಕಾಗದ ಹಿಡಿದು ನಿಂತಿದ್ದ ಮಾಮ, ಅಂದರೆ ಅಕ್ಕನ ಗಂಡ, ನಿಧಾನವಾಗಿ ಕೇಳಿದ: "ಹಂಗಾರ ಶಹಾಪುರದವ್ರು ಹೇಳಿದ್ದ ಖರೇ ಆತಲ್ಲ? ತೆಗೀಬೇಕಂತ?"

ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಶಹಾಪುರದ ಅವನ ಮಾತು ಖರೇ ಆಗುವುದನ್ನು ತಡೆಯಲು ನಾನು ಏನು ಬೇಕಾದರೂ ಕೊಡಲು ತಯಾರಿದ್ದೆ.

ಲೇಡಿ ಡಾಕ್ಟರು ನಮ್ಮನ್ನು ಕಳಿಸಿದ ಹೈದರಾಬಾದಿನ ದೊಡ್ಡ ಆಸ್ಪತ್ರೆಯ ಸರ್ಜನ್ ನಮ್ಮ ಚಿಗವ್ವನಷ್ಟೇ ವಯಸ್ಸಿನ ಹೆಂಗಸು. ಚಿಗವ್ವ ಎಂದರೆ ಅವ್ವನ ತಂಗಿ. ಬೇಡವೆಂದರೂ ನಮ್ಮ ಜೊತೆ ರೈಲು ಹತ್ತಿದ್ದಳು. ಸರ್ಜನ್ ಬೋರಲು ಹಾಕಿದ ತಂಬಿಗೆಯಂತೆ ಗರ್ಭಕೋಶದ ಚಿತ್ರ ಬರೆದು, ಅದರ ಕೊರಳಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಚುಕ್ಕೆ ಈ ಕೊರಳೊಳಗೇ ಇದ್ದರೆ ಆಪರೇಷನ್. ಪಕ್ಕಕ್ಕೆ ಸರಿದಿದ್ದರೆ, ಇಲ್ಲವೇ ಆಸುಪಾಸಿನ ಲಿಂಫ್ ಗಂಟುಗಳಿಗೆ ಹೋಗಿದ್ದರೆ ಕತ್ತರಿ ಮುಟ್ಟಿಸುವಂತಿಲ್ಲ, ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು, ಔಷಧಿ ಏರಿಸಬೇಕು. ಇದನ್ನು ತಿಳಿಯಲು ಎರಡು ಫೋಟೋ ಬೇಕು. ಎಂಆರ್‌ಐ ಎಂಬುದು ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳಕ್ಕೆ ಇಳಿದಿದೆ ಎಂದು ತೋರಿಸುತ್ತದೆ. ಪೆಟ್ ಎಂಬುದು ಮೈಯಲ್ಲಿ ಬೇರೆಲ್ಲಾದರೂ ರೋಗ ಜೀವಂತ ಇದೆಯೇ ಎಂದು ತೋರಿಸುತ್ತದೆ. ಎರಡನ್ನೂ ಒಂದರ ಮೇಲೊಂದು ಕೂಡಿಸಿ ನೋಡುತ್ತೇವೆ, ಆಮೇಲೆ ಮಾತಾಡುತ್ತೇವೆ ಎಂದರು.

ಎಂಆರ್‌ಐ ಆ ದಿನವೇ ಮುಗಿಯಿತು. ಪೆಟ್‌ಗೆ ಮರುದಿನ ಮುಂಜಾನೆ ಹಸಿದ ಹೊಟ್ಟೆಯಲ್ಲಿ ಬರಬೇಕಿತ್ತು. ಬಂದೆವು. ಅಕ್ಕನ ಹೆಸರು ಕೂಗಿದರು. ಅಕ್ಕ ಎದ್ದಳು. ಅಷ್ಟರಲ್ಲಿ ಚಿಗವ್ವ ಸೆರಗಿನ ಗಂಟು ಬಿಚ್ಚಿ, ಬೆಲ್ಲದ ಹೆಂಟೆಯೊಂದನ್ನು ಅಕ್ಕನ ಬಾಯಿಗೆ ತುರುಕಿಬಿಟ್ಟಳು. ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಬರಿಬಾಯಲ್ಲಿ ಕಳಿಸುವುದಿಲ್ಲ.

ಬಾಗಿಲಲ್ಲಿದ್ದ ನರ್ಸು ರಾಯಚೂರು ಕಡೆಯವಳು. "ಏನ್ ತಿಂದ್ರಿ?" ಎಂದಳು.

"ಬೆಲ್ಲ ಅಷ್ಟವಾ, ಊಟಲ್ಲ" ಎಂದಳು ಚಿಗವ್ವ.

"ಹೋತು. ನಾಳೆ ಬರ್ರಿ." ಅಕ್ಕನಿಗೆ ಮೊದಲೇ ಸಕ್ಕರೆ ಕಾಯಿಲೆಯ ಅಂಚು ಇತ್ತು, ನರ್ಸು ಬೆರಳಿನ ತುದಿ ಚುಚ್ಚಿ ನೋಡಿ ತಲೆ ಅಲ್ಲಾಡಿಸಿದಳು. "ಯಜ್ಜಿ, ನಾವು ಸೂಜಿಯಾಗ ಹಾಕೂದೂ ಒಂದ್ ಥರಾ ಸಕ್ಕರಿನ. ಕ್ಯಾನ್ಸರಿಗೆ ಸಿಹಿ ಆಸಿ ಭಾಳ. ಗಬಗಬ ತಿಂತದ. ತಿಂದಲ್ಲಿ ಫೋಟೋದಾಗ ಬೆಳಗ್ತದ. ನೀವ ಮೊದ್ಲ ಬೆಲ್ಲ ತಿನಿಸಿದ್ರ ನಮ್ದನ್ನ ಯಾರ್ ತಿನ್ನಬೇಕು?"

ಚಿಗವ್ವ ಯೋಚಿಸಿದಳು. "ಇಲಿಗೆ ಭಜಿ ಇಟ್ಟು ಹಿಡದಂಗ?"

"ಹಂಗ."

"ಮೊದಲ ಹೇಳಬಾರದೇನು. ಅದಕ್ಕ ಭಜಿ ತರ್ತಿದ್ದೆ."

ಅಕ್ಕ ಗೋಡೆಗೆ ಆತು ನಕ್ಕಳು. ನನಗೆ ನಗು ಬರಲಿಲ್ಲ. ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಇಡೀ ಹಗಲು ಕಳೆಯಬೇಕಾಯಿತು, ಆ ಹಗಲಿನಲ್ಲಿ ನನ್ನ ತಲೆಯೊಳಗೆ ಒಂದು ಯೋಚನೆ ಬಂತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ. ನಾಳೆ ಫೋಟೋದಲ್ಲಿ ಒಂದಾದರೂ ಗಂಟು ಬೆಳಗಿದರೆ, ಆಪರೇಷನ್ ಮಾಡಬಾರದು ಎಂದಾಗುತ್ತದೆ. ಹಾಗಾದರೆ ಅವನ ಮಾತು ಸುಳ್ಳಾಗುತ್ತದೆ. ಆ ಫಿಲ್ಮನ್ನು ಅವನ ಮುಖಕ್ಕೆ ಹಿಡಿದು, ನಮ್ಮವ್ವನ ಹಾಗೆ ಇವಳನ್ನೂ ಕೊಲ್ಲುತ್ತಿದ್ದಿ ಎನ್ನಬಹುದು. ಏನೇನು ಹೇಳಬೇಕು ಎಂಬುದನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆಮೇಲೆ ತಲೆ ಎತ್ತಿ ನೋಡಿದರೆ ಎದುರಿನ ಮಂಚದ ಮೇಲೆ ಅಕ್ಕ ಚಿಗವ್ವನ ತಲೆ ಬಾಚುತ್ತ, ನರೆಗೂದಲು ಎಣಿಸಿ ಹೇಳುತ್ತ ಕಾಡಿಸುತ್ತಿದ್ದಳು.

ನನ್ನ ಅಕ್ಕನ ಮೈಯಲ್ಲಿ ರೋಗ ಹಬ್ಬಿರಲಿ ಎಂದು ನಾನು ಬಯಸಿದ್ದೆ. ಅಂಥ ಯೋಚನೆ ನನ್ನ ತಲೆಗೆ ಬರುವಂತೆ ಮಾಡಿದವನೂ ಅವನೇ ಎಂದು, ಅವನ ಮೇಲಿನ ಸಿಟ್ಟು ಅವತ್ತು ಇಮ್ಮಡಿಯಾಯಿತು.

ಮರುದಿನ ಚಿಗವ್ವನ ಸೆರಗನ್ನು ಝಾಡಿಸಿ ನೋಡಿಯೇ ಹೊರಟೆವು. ಸೂಜಿ ಹಾಕಿದ ಮೇಲೆ ಒಂದು ತಾಸು ಮಲಗಿರಬೇಕು, ಮಾತಾಡಬಾರದು ಎಂದಿದ್ದರು. ನಮ್ಮ ಮನೆತನದಲ್ಲಿ ಎಚ್ಚರವಿದ್ದು ಒಂದು ತಾಸು ಬಾಯಿ ಮುಚ್ಚಿದವರು ಯಾರೂ ಇಲ್ಲ. ಹೊರಗೆ ಬಂದವಳೇ ಅಕ್ಕ, "ರೋಗಕ್ಕಿಂತ ಅದ ತ್ರಾಸ ಆತು ನೋಡು" ಎಂದಳು.

ಅದಾಗಿ ಮೂರನೆಯ ದಿನ ಸರ್ಜನ್ ಕಂಪ್ಯೂಟರಿನಲ್ಲಿ ಎರಡೂ ಫೋಟೋ ಕೂಡಿಸಿ ತೋರಿಸಿದರು. ಬೂದು ಬಣ್ಣದ ಮೈ, ಅದರ ಮೇಲೆ ಅಲ್ಲಲ್ಲಿ ಕೆಂಡದ ಬಣ್ಣ. ಹೊಟ್ಟೆಯ ಕೆಳಗೆ ದೊಡ್ಡ ಬೆಳಕೊಂದು ಕಂಡದ್ದೇ ತಡ, ಚಿಗವ್ವ ಕುರ್ಚಿ ಹಿಡಿದುಕೊಂಡಳು. "ಅಲ್ಲಿ ಬೆಂಕಿನ ಹತ್ತೇತಲ್ರಿ." ಅದು ಮೂತ್ರದ ಚೀಲ, ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದರು. ಆಮೇಲೆ ಬೆರಳಿಟ್ಟು ತೋರಿಸಿದ್ದು ಗರ್ಭಕೋಶದ ಕೊರಳಲ್ಲಿ ಗೋಡಂಬಿಯಷ್ಟು ಒಂದು ಚುಕ್ಕೆ. ಅದರ ಆಚೆ ಏನೂ ಇರಲಿಲ್ಲ. ಗಂಟುಗಳೆಲ್ಲ ಕತ್ತಲಲ್ಲಿದ್ದವು. ಅಷ್ಟು ಚೆಂದದ ಕತ್ತಲನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆಪರೇಷನ್ ಆಗುತ್ತದೆ, ಆದರೆ ಬರೀ ಚೀಲ ತೆಗೆದರೆ ಸಾಲದು, ಸುತ್ತಲಿನ ಭಾಗವನ್ನೂ ಗಂಟುಗಳನ್ನೂ ತೆಗೆಯಬೇಕು, ಅದು ಎಲ್ಲರ ಕೈಯ ಕೆಲಸವಲ್ಲ ಎಂದರು. ಮಾಮನಿಗೆ ಫೋನ್ ಮಾಡಿ ಈ ಕೊನೆಯ ಮಾತನ್ನು ಎರಡು ಸಲ ಹೇಳಿದೆ. ಆಪರೇಷನ್ ಆ ಸರ್ಜನ್ ಅವರೇ ಮಾಡಿದರು. ತೆಗೆದ ಗಂಟುಗಳು ಲ್ಯಾಬಿನಿಂದಲೂ ಸ್ವಚ್ಛವೆಂದು ಬಂದವು.

ಅಕ್ಕ ದೋರನಹಳ್ಳಿಯ ಮನೆಯಲ್ಲಿ ಓಡಾಡತೊಡಗಿದ ಮೇಲೆ ನಾನು ಫಿಲ್ಮು ಹಿಡಿದು ಶಹಾಪುರಕ್ಕೆ ಹೋದೆ. ಅವನು ಅದನ್ನು ಕಿಟಕಿಗೆ ಹಿಡಿದು ಒಂದು ಕ್ಷಣ ನೋಡಿ, "ಆಪರೇಷನ್ ಮಾಡಿದ್ರಲ್ಲ? ನಾ ಅದ ಹೇಳಿದ್ದೆ" ಎಂದ.

"ನಮ್ಮವ್ವನ ನೆನಪದ ಏನ್ರಿ?"

"ಯಾರು?"

"ಇದ ಖೋಲ್ಯಾಗ ಅಕಿ ಗರ್ಭಚೀಲ ತೆಗೆದೀರಿ. ತೆಗೆದದ್ದು ಎಲ್ಲಿ ಕಳಿಸಿದ್ರಿ?"

"ಎಷ್ಟ್ ಮಂದಿ ಬರ್ತಾರಬೇ. ಎಲ್ಲಾರ್ನ ನೆನಪಿಟ್ಕೊಳ್ಳಾಕ ಆಕ್ಕತೇನು?" ಎಂದು ಗಂಟೆ ಒತ್ತಿ ಮುಂದಿನವರನ್ನು ಕರೆದ.

ನೆನಪಿಲ್ಲವಂತೆ. ನನಗೆ ಅಷ್ಟು ಸಾಕಾಯಿತು. ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಶಿರವಾಳದ ಹೆಣ್ಣುಮಗಳೊಬ್ಬಳಿದ್ದಳು. "ನಿಮಗೂ ತೆಗೀತಾರೇನ್ರಿ ಅಕ್ಕೋರ?" ಎಂದು ಕೇಳಿದಳು.

"ನನಗಲ್ಲವಾ. ನಮ್ಮವ್ವಂದು ತೆಗೆದಿದ್ರು" ಎಂದು ಶುರು ಮಾಡಿದೆ. ಅವ್ವನ ಬಣ್ಣ, ಅವ್ವನ ನಡಿಗೆ, ರೊಟ್ಟಿ ಬಡಿಯುವಾಗ ಆಕೆ ಹಾಡುತ್ತಿದ್ದ ಹಾಡು, ಎಲ್ಲ. ಒಂದೂ ಬೈಗುಳವಿಲ್ಲ. ಆಮೇಲೆ ಅಕ್ಕನ ಫಿಲ್ಮು ತೆಗೆದು ತೋರಿಸಿದೆ. "ತೆಗೆಯೂ ಮೊದಲ ಚೂರು ಎಲ್ಲಿ ಕಳಿಸ್ತೀರಿ ಅಂತ ಕೇಳು, ಅಷ್ಟ" ಎಂದೆ. ಅವಳು ಒಳಗೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗಂಡನನ್ನು ಎಬ್ಬಿಸಿಕೊಂಡು ಹೋದಳು.

ಅಂದಿನಿಂದ ರಜೆ ಇದ್ದಾಗಲೆಲ್ಲ ಹೋಗುತ್ತೇನೆ. ಕಂಪೌಂಡರ್ ಮೊದಲು ಗದರಿದ, ಆಮೇಲೆ ಕೈ ಮುಗಿದ, ಈಗ ನೀರು ತಂದು ಕೊಡುತ್ತಾನೆ. ಹೋದ ಸಲ ಒಳಗಿನಿಂದ ಬಂದ ಒಬ್ಬಾಕೆ ಚೀಟಿ ತೋರಿಸಿದಳು. ಚೂರು ತೆಗೆದು ಲ್ಯಾಬಿಗೆ ಕಳಿಸುವುದು ಎಂದು ಅವನ ಕೈಬರಹದಲ್ಲಿತ್ತು. ನಾನು ಬಯಸಿದ್ದು ಅವನ ಬಾಗಿಲು ಮುಚ್ಚಲಿ ಎಂದು. ಅವನು ಚೂರು ಕಳಿಸಲು ಕಲಿತ.

ಅಕ್ಕ ಹೇಳಿದಳು, "ಇನ್ನ ಸಾಕ್ ಮಾಡವಾ."

"ಅವ ಎರಡು ಕೋಳಿ ಕೊಟ್ರೂ ಎದ್ದು ಬರಂಗಿಲ್ಲ" ಎಂದೆ.

ಅವನು ಈಗ ತನ್ನ ಖೋಲಿಯಿಂದ ಹೊರಗೆ ಬರುವಾಗ ಮೊದಲು ಬೆಂಚಿನ ಕಡೆ ನೋಡುತ್ತಾನೆ. ಅವ್ವನ ನೆನಪಿಲ್ಲ ಎಂದಿದ್ದವನ ಮುಖದಲ್ಲಿ, ನನ್ನನ್ನು ಕಂಡಾಗ, ಆಕೆಯ ನೆನಪು ಎದ್ದು ಕಾಣುತ್ತದೆ.