ಅಧ್ಯಕ್ಷನ ಜಾಗದಾಗ ಕುಂತವ

ಲಾರಿಯ ಪಾಟಾ ಕೆಂಪಗೆ ಕಾದು, ಕೆಂಪು ದಾಟಿ ಬೆಳ್ಳಗಾಗುತ್ತ ಬಂದಿತ್ತು. ನನ್ನ ಲಕ್ಷ್ಯ ಕುಲುಮೆಯ ಮೇಲೆ ಇರಲಿಲ್ಲ. ಹಿಂದಿನ ಸಂಜೆ ಓದಿದ ಇತಿಹಾಸದ ಪಾಠದಲ್ಲಿ, ಗ್ರೀಸ್ ಕಡೆಯಿಂದ ಹೊರಟ ಹುಡುಗ ದೊರೆಯೊಬ್ಬ ನಮ್ಮ ದೇಶದ ನದಿ ದಂಡೆಗೆ ಬಂದು ನಿಂತಿದ್ದ. ಮುಂದೆ ಒಂದು ಹೆಜ್ಜೆ ಇಡೋದಿಲ್ಲ ಅಂತ ಅವನ ದಂಡು ಕುಂತುಬಿಟ್ಟಿತ್ತು. ಅವನನ್ನು ಅಲ್ಲೇ ಬಿಟ್ಟು ನಾನು ತಿರುಗಿ ಬರುವುದರೊಳಗೆ ಕಬ್ಬಿಣ ಕಿಡಿ ಕಾರಲು ಹತ್ತಿತು.

"ಯಾವ ರಾಜ್ಯ ಆಳಾಕ ಹೋಗಿದ್ಯೋ ಮಗನ? ಪಾಟಾ ಸುಟ್ಟು ಹಾಳಾತು ನೋಡಲೇ!" ಅಂತ ಮಾಲಕ ಒದರಿದ.

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿತ್ತು ಆ ವರ್ಕ್‌ಶಾಪು. ಲಾರಿಯ ಭಾರ ಹೊರುವ ಬಾಗಿದ ಪಟ್ಟಿಗಳಿಗೆ ನಾವು ಪಾಟಾ ಅಂತೀವಿ. ಅವನ್ನು ಕಾಸಿ, ಬಡಿದು, ಮತ್ತೆ ಬಾಗು ಕೊಡುವುದು ನನ್ನ ಕೆಲಸ. ನಾನು ಬಾಗು ಕೊಟ್ಟ ಪಾಟಾ ತಿರುಗಿ ಬಂದದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂದರೂ ಅನ್ನಲಿ. ಈ ಕೈ ನೋಡಿಯೇ, ಸರಕಾರಿ ಗಾಡಿ ರಿಪೇರಿ ಮಾಡುವ ವರ್ಕ್‌ಶಾಪಿನ ಸಾಹೇಬರು ಒಂದು ದಿನ ನನ್ನನ್ನು ಬದಿಗೆ ಕರೆದಿದ್ದರು.

"ನನ್ನ ಕಡೆ ಒಂದು ಫಿಟರ್ ಜಾಗಾ ಖಾಲಿ ಐತಿ. ಕಾಯಂ ನೌಕರಿ. ಎಷ್ಟು ಓದೀಯೋ?"

"ನಾಕನೇತ್ತೆ ರೀ."

"ಏಳನೇತ್ತೆ ಪಾಸ್ ಬೇಕಲೋ. ಹೊರಗಿಂದ ಪರೀಕ್ಷೆ ಕಟ್ಟು. ಮಳಿಗಾಲದ ತನಕ ಹಿಡದು ಇಡ್ತೀನಿ, ಮುಂದ ನನ್ನ ಕೈಯಾಗಿಲ್ಲ."

ಅಂದಿನಿಂದ ನನಗೆ ಕುಂತಲ್ಲಿ ಕೂಡಲಿಕ್ಕೆ ಆಗಲಿಲ್ಲ, ನಿಂತಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ. ಬಬಲೇಶ್ವರದ ನಮ್ಮ ಮನೆಯೊಳಗೆ ಅಪ್ಪ ತೀರಿಕೊಂಡಾಗ ನಾನು ಸಾಲಿಯ ಪಾಟಿ ಕೆಳಗಿಟ್ಟು ಅವನ ಕುಲುಮೆಯ ತಿದಿ ಹಿಡಿದವ. ಸಾಲಿ ಬಿಟ್ಟದ್ದಕ್ಕೆ ಅತ್ತವನಲ್ಲ. ಆದರೆ ನನಗಿಂತ ಕಚ್ಚಾ ಕೈಯವರು ಒಂದು ಕಾಗದ ತೋರಿಸಿ ಖಾಕಿ ಅಂಗಿ ತೊಟ್ಟು ಹೋಗುವುದನ್ನು ನೋಡಿದಾಗ ಎದೆಯೊಳಗೆ ತಿದಿ ಊದಿದಂಗ ಆಗುತ್ತಿತ್ತು.

ಗಣಿತಕ್ಕೆ ನಾನು ಹೆದರಲಿಲ್ಲ, ಅಳತೆ ತೂಕ ದಿನಾ ಕೈಯಲ್ಲೇ ಇತ್ತು. ಕನ್ನಡ ಹೇಗೋ ನಡೆಯುತ್ತಿತ್ತು. ನನ್ನನ್ನು ಕೆಡವಿದ್ದು ಇತಿಹಾಸ. ಜಗತ್ತಿನ ಅಷ್ಟೂ ದೊರೆಗಳು ಒಂದೇ ಪುಸ್ತಕದಲ್ಲಿ ಬಂದು ಕುಂತಿದ್ದರು. ಸಂಜೆ ಓದಿದ ಹೆಸರು ಮುಂಜಾನೆ ಇರುತ್ತಿರಲಿಲ್ಲ.

ತಿಕೋಟದಲ್ಲಿ ನಿವೃತ್ತ ಮಾಸ್ತರೊಬ್ಬರಿದ್ದರು, ಮುಸಲ್ಮಾನರು. ನಮ್ಮಪ್ಪನ ಕೈಯಲ್ಲಿ ಮಾಡಿಸಿದ ಕುಡಗೋಲು ಇನ್ನೂ ಅವರ ಹೊಲದಲ್ಲಿತ್ತು. ಪ್ರತಿ ರವಿವಾರ ಬಬಲೇಶ್ವರದಿಂದ ಅಡ್ಡದಾರಿ ಹಿಡಿದು ಸೈಕಲ್ ತುಳಿಯುತ್ತ ಅವರಲ್ಲಿಗೆ ಹೋಗಲು ಹತ್ತಿದೆ. ಅವರು ನನ್ನ ಪುಸ್ತಕ ಕಸಿದು ಬದಿಗಿಟ್ಟರು.

"ಹೆಸರು ಬಿಡೋ ತಮ್ಮಾ. ಮೊದಲ ಮನಿಷಾನ ಹಿಡಿ, ಹೆಸರು ಅವನ ಬೆನ್ನ ಹತ್ತಿ ತಾನ ಬರ್ತದ. ಒಬ್ಬೊಬ್ಬ ರಾಜಾಗ ನಿನಗ ಗುರ್ತಿರೋ ಒಬ್ಬೊಬ್ಬರ ಮಾರಿ ಹಚ್ಚು."

ಹಚ್ಚಿದೆ. ಗ್ರೀಸಿನ ಹುಡುಗ ದೊರೆಗೆ ನಮ್ಮ ಮಾಲಕನ ಮುಖ. ಒಂದು ಅಂಗಡಿ ನೆಟ್ಟಗೆ ನಡೆಯುವುದರೊಳಗೆ ತೊರವಿಯಲ್ಲಿ ಇನ್ನೊಂದು ಹಾಕಬೇಕು ಅನ್ನುವವ, ಆಳುಗಳು ದಣಿದದ್ದು ಕಾಣದವ. ಕಳಿಂಗ ಗೆದ್ದು ಕಣ್ಣೀರು ಹಾಕಿದ ಚಕ್ರವರ್ತಿಗೆ ಕಾಖಂಡಕಿಯ ನನ್ನ ಸೋದರಮಾವ. ಬದುವಿನ ಜಗಳದಲ್ಲಿ ದಾಯಾದಿಯ ಕಾಲು ಮುರಿದು, ಆ ಮೇಲೆ ಬಡಿಗೆಯನ್ನು ಒಲೆಗೆ ಹಾಕಿ, ದಾರಿಯಲ್ಲಿ ಹೋಗುವವರಿಗೆ ನೀರಿನ ಗಡಿಗೆ ಇಡಲು ಶುರು ಮಾಡಿದ್ದ. ಹಿಮದೊಳಗೆ ದಂಡು ಕಳೆದುಕೊಂಡು ದ್ವೀಪ ಸೇರಿದ ಫ್ರಾನ್ಸಿನ ದೊರೆಗೆ ತಿಕೋಟದ ಒಬ್ಬ ಪೈಲವಾನ. ಸುತ್ತಲಿನ ಕುಸ್ತಿಯೆಲ್ಲ ಗೆದ್ದು, ಒಂದು ಚಳಿಗಾಲ ದೂರದ ಕಣಕ್ಕೆ ಹೋಗಿ ಬಿದ್ದು ಬಂದವ, ಈಗ ಹೊಲದ ಗುಡಿಸಲಲ್ಲಿ ಒಬ್ಬನೇ ಕುಂತಿರುತ್ತಿದ್ದ.

ಮಾಸ್ತರರು ಕೇಳಿ ಕೇಳಿ ನಗುತ್ತಿದ್ದರು. "ನಮ್ಮೂರ ಪೈಲವಾನಗ ಫ್ರಾನ್ಸ್ ಕೊಟ್ಯಾ? ಅವಗ ಹೇಳಬ್ಯಾಡೋ, ಕಂದಾಯ ಕೇಳಾಕ ಬಂದಾನು!"

ಉಳಿದವನು ಅಮೇರಿಕಾದ ಅಧ್ಯಕ್ಷ, ಗುಲಾಮಗಿರಿ ತೆಗೆದವ. ಬಡವರ ಮನೆಯಲ್ಲಿ ಹುಟ್ಟಿ, ಸಾಲಿಯ ಮುಖ ಅಷ್ಟಿಷ್ಟು ಕಂಡು, ಮೈ ಮುರಿದು ದುಡಿದು, ಒಲೆಯ ಬೆಳಕಿನಲ್ಲಿ ಓದಿ ದೇಶ ಆಳಿದ ಅಂತ ಮಾಸ್ತರರು ಹೇಳುವಾಗ ನನ್ನ ಮೈ ಮೇಲೆ ಮುಳ್ಳು ಎದ್ದವು.

"ಇವಗ ಯಾರ ಮಾರಿ ಹಚ್ಚತೀ?"

"ಅದಾನ ರೀ ಒಬ್ಬವ," ಅಂದೆ. ಯಾರು ಅಂತ ಹೇಳಲಿಲ್ಲ. ಅವನಿಗೆ ನನ್ನದೇ ಮಾರಿ ಹಚ್ಚಿದ್ದೆ.

ಪರೀಕ್ಷೆ ಹತ್ತಿರ ಬಂದಾಗ ಮಾಲಕನಿಗೆ ರಜೆ ಕೇಳಿದೆ. ಸುಗ್ಗಿಯ ದಿನ, ಲಾರಿಗಳು ಸಾಲಾಗಿ ನಿಂತಿದ್ದವು.

"ಮೀಸಿ ಬಂದ ಮ್ಯಾಲ ಸಾಲಿಗಿ ಹೊಂಟೀಯಾ? ಹೋಗು, ಕೂಸಿನಂಗ ತೆಲಿಗಿ ಕುಂಚಗಿ ಕಟಗೊಂಡು ಹೋಗು! ನಾಳಿ ನೌಕರಿ ಸಿಗಲಿಲ್ಲಂತ ಇಲ್ಲಿಗೇ ಬರಾವ ನೀ."

"ನಿನ್ನ ಬಾಗಲಾ ತುಳದ್ರ ನಮ್ಮಪ್ಪನ ಮಗಾನ ಅಲ್ಲ," ಅಂದವನೇ ಇಕ್ಕಳ ಅಲ್ಲೇ ಒಗೆದು ಬಂದೆ. ಬಸ್ಸಿನಲ್ಲಿ ಕುಂತ ಮೇಲೆ ಕಿಸೆಯೊಳಗಿನ ರೊಕ್ಕ ಎಣಿಸಿದೆ. ಇನ್ನು ನನಗೆ ಆ ಫಿಟರ್ ಜಾಗ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ.

ಪರೀಕ್ಷೆಯ ಬೆಂಚು ಸಣ್ಣವರಿಗೆ ಮಾಡಿದ್ದು. ನನ್ನ ಮೊಣಕಾಲು ಒಳಗೆ ಹೋಗಲಿಲ್ಲ, ಅಡ್ಡ ಕುಂತೆ. ಬಗಲಲ್ಲಿ ಕುಂತ ಹುಡುಗಿ, "ಮಾಮಾ, ನಿಮ್ಮ ಮಗಾ ಯಾವ ಖೋಲ್ಯಾಗ ಅದಾನ ರೀ?" ಅಂತ ಕೇಳಿತು. ಇತಿಹಾಸದ ಪೇಪರ್ ಕೈಗೆ ಬಂತು. ದೊಡ್ಡ ಪ್ರಶ್ನೆ ಆ ಅಧ್ಯಕ್ಷನ ಮೇಲೆಯೇ. ಅವನ ಬಾಲ್ಯ, ದುಡಿಮೆ, ಸಾಧನೆ ವಿವರಿಸಿರಿ. ನನ್ನ ಪೆನ್ನು ನಿಲ್ಲಲಿಲ್ಲ. ಇನ್ನೊಂದು ಹಾಳಿ ಬೇಡಿ ಇಸಗೊಂಡು ಬರೆದೆ. ಉಳಿದ ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ, ಅವಸರದಲ್ಲಿ ಎರಡೆರಡು ಸಾಲು ಗೀಚಿದೆ. ಅಧ್ಯಕ್ಷನೇ ದಡ ಮುಟ್ಟಿಸುತ್ತಾನೆ ಅಂತ ನನಗೆ ಧೈರ್ಯ.

ಅಲ್ಲಿಂದ ಸೀದಾ ತಿಕೋಟಕ್ಕೆ ಹೋದೆ. ಮಾಸ್ತರರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.

"ಹ್ಯಾಂಗ ಬರದಿ? ಹೇಳು, ಬರದಂಗ ಹೇಳು."

ನಾನು ಎದೆ ಉಬ್ಬಿಸಿ ಹೇಳಲು ಹತ್ತಿದೆ. "ಅಪ್ಪ ಸತ್ತ ಮ್ಯಾಲ ಅಧ್ಯಕ್ಷರು ನಾಕನೇತ್ತೆಗೆ ಸಾಲಿ ಬಿಟ್ರು. ಮುಂಜಾನೆ ಎದ್ದು ತಿದಿ ಊದ್ತಿದ್ರು. ಎತ್ತಿನ ಗಾಡಿಗೆ ಹಳಿ ಕಟ್ಟೂದ್ರಾಗ ಅವರನ್ನ ಮೀರಿಸೋರು ಯಾರೂ ಇರಲಿಲ್ಲ..."

ಮಾಸ್ತರರು ಚಹಾದ ಕಪ್ಪು, ಬಸಿ ಎರಡನ್ನೂ ಕೆಳಗಿಟ್ಟರು.

"ತಿದಿ?"

"ಹೌದ್ರಿ."

"ಅಮೇರಿಕಾದಾಗ ಎತ್ತಿನ ಗಾಡಿಗಿ ಹಳಿ ಕಟ್ಟಿದ್ನ ಅಂವಾ? ಅಂವ ಕಟಿಗಿ ಒಡಿತಿದ್ನೋ ತಮ್ಮಾ. ತೀರಿಕೊಂಡಾಕಿ ಅವರವ್ವ. ಅಪ್ಪ ಭಾಳ ವರ್ಷ ಇದ್ದ." ನನ್ನ ಕಡೆ ತಿರುಗಿ ಕುಂತರು. "ಯಾರ ಮಾರಿ ಹಚ್ಚಿದ್ದಿ ಅವಗ?"

ನಾನು ಅಂಗೈಯ ಸುಟ್ಟ ಕಲೆ ಉಜ್ಜಿಕೊಂಡೆ. ಅವರಿಗೆ ತಿಳಿಯಿತು. ನಕ್ಕಿದ್ದರೆ ಚಲೋ ಇತ್ತು, ನಗಲಿಲ್ಲ. ಒಳಗೆ ಹೋಗಿ ಇನ್ನೊಂದು ಕಪ್ ಚಹಾ ತಂದು ನನ್ನ ಮುಂದೆ ಇಟ್ಟರು.

ಆ ಮೇಲಿನ ದಿನಗಳನ್ನು ನೆನೆಸಿಕೊಂಡರೆ ಇವತ್ತಿಗೂ ಅಂಗಾಲು ಸುಡುತ್ತವೆ. ಮನೆಯಿಂದ ಬಸ್ ನಿಲ್ದಾಣ, ಬಸ್ ನಿಲ್ದಾಣದಿಂದ ಮನೆ. ಉಂಡರೆ ಉಂಡದ್ದು ಗೊತ್ತಾಗುತ್ತಿರಲಿಲ್ಲ. ಅಡ್ಡಿಯಿಲ್ಲ, ಒಂದು ಪ್ರಶ್ನೆ ಹೋದರೆ ಹೋಗಲಿ, ಉಳಿದವು ಎತ್ತಿಯಾವು ಅಂತ ಒಂದು ಗಳಿಗೆ. ಎರಡೆರಡು ಸಾಲು ಏನು ಎತ್ತುತ್ತವೆ ಅಂತ ಮರುಗಳಿಗೆ.

"ಒಂದ ಕಡೆ ಕುಂದರೋ ಯಪ್ಪಾ," ಅಂತ ಅವ್ವ ಬೇಡಿಕೊಂಡಳು. "ನಿನ್ನ ನೋಡಿ ನೋಡಿ ನನಗ ತೆಲಿ ತಿರಗಾಕತ್ತೈತಿ."

"ಕುಂದರಾಕ ಬಂದ್ರ ಕುಂದರಂಗಿಲ್ಲೇನ ಬೇ?"

ರಿಸಲ್ಟ್ ಬಂತು. ಎಲ್ಲದರಲ್ಲೂ ಪಾಸು, ಇತಿಹಾಸದಲ್ಲಿ ನಪಾಸು. ಆದರೂ ಸಾಹೇಬರ ಹತ್ತಿರ ಹೋದೆ. ಅವರು ಕಿಟಕಿಯ ಕಡೆ ಕೈ ಮಾಡಿ, "ಆಗಲೇ ಮಳಿ ಹಿಡೀತಲ್ಲೋ," ಅಂದರು. ಖರೇನೇ ಹೊರಗೆ ಹನಿ ಬೀಳುತ್ತಿತ್ತು. ಜಾಗ ಬೇರೆಯವನಿಗೆ ಹೋಯಿತು. ತಿರುಗಿ ಬರುವಾಗ ಮಾಲಕನ ಅಂಗಡಿ ಇದ್ದ ಸೊಲ್ಲಾಪುರ ರಸ್ತೆ ಹಿಡಿಯಲಿಲ್ಲ, ಓಣಿ ಓಣಿ ಸುತ್ತಿ ಬಸ್ ನಿಲ್ದಾಣ ಮುಟ್ಟಿದೆ.

ಅಪ್ಪ ಕಬ್ಬಿಣ ಬಡಿಯುತ್ತಿದ್ದ ಅಡಗಲ್ಲು ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಎತ್ತಿ ತೊಳೆದು, ಊರ ಬಾಗಿಲಲ್ಲಿ ಬಸ್ ನಿಲ್ಲುವ ಕಡೆ ಒಂದು ಛಪ್ಪರ ಹಾಕಿ ನೆಟ್ಟೆ. ಮೊದಲು ಬಂದ ಕೆಲಸ ಒಂದು ಜೋಡಿ ಗಾಲಿಗೆ ಹಳಿ ಕಟ್ಟುವುದು. ಹಳಿ ಅಂದರೆ ಗಾಲಿಯ ಸುತ್ತಲಿನ ಕಬ್ಬಿಣದ ಬಳೆ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತ ಸೆಗಣಿಯ ಕುಳ್ಳು ಒಟ್ಟಿ ಕಾಸಬೇಕು. ಕೆಂಪಾದ ಗಳಿಗೆಗೆ ಸುತ್ತಲಿಂದ ಇಕ್ಕಳ ಹಾಕಿ ಎತ್ತಿ, ಗಾಲಿಗೆ ಕೂಡ್ರಿಸಿ, ಕಟ್ಟಿಗೆ ಹೊತ್ತುವುದರೊಳಗೆ ನೀರು ಹೊಯ್ಯಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ. ಗಾಡಿಯವನು ಕರೆತಂದವರಲ್ಲಿ ಒಂದು ಇಕ್ಕಳಕ್ಕೆ ಆಳು ಕಡಿಮೆ ಬಿತ್ತು. ಹಳಿ ಆಗಲೇ ಕೆಂಪಾಗಿತ್ತು. ನಾನು ದಾರಿ ನೋಡುತ್ತ ಒದರಿದೆ, "ಯಾರರೆ ಬರ್ರೋ!"

ಬಸ್ಸಿನಿಂದ ಇಳಿದು ಬರುತ್ತಿದ್ದವನು ಮಾಲಕ. ಧೋತರ ಎತ್ತಿ ಕಟ್ಟಿ ಇಕ್ಕಳ ಹಿಡಿದ. ಹಳಿ ಚುರ್ರೆಂದು ಗಾಲಿಗೆ ಕೂತಿತು. ಉಗಿಯೊಳಗೆ ನಿಂತು ಕೆಮ್ಮುತ್ತ ಅಂದ, "ನನ್ನ ಬಾಗಲಾ ನೀ ತುಳಿಯೂದು ಬ್ಯಾಡ. ನಾನ ನಿನ್ನ ಬಾಗಲಾ ತುಳದೇನಿ. ಬಾರಲೇ, ಪಾಟಾ ಎಲ್ಲಾ ತಿರುಗಿ ಬರಾಕತ್ತಾವು."

"ಪಾಟಾ ಇಲ್ಲಿಗೇ ಕಳಸ್ರಿ," ಅಂದೆ. ದಂಡು ಕುಂತಾಗ ಗ್ರೀಸಿನ ದೊರೆ ತಿರುಗಿ ಊರ ದಾರಿ ಹಿಡಿದಿದ್ದ. ಇವನೂ ಮಧ್ಯಾಹ್ನದ ಬಸ್ಸಿಗೆ ಹೋದ. ಮುಂದಿನ ವಾರ ಪಾಟಾ ಬಂದವು.

ಮರುವರ್ಷ ಇತಿಹಾಸದ ಪೇಪರ್ ಮತ್ತೆ ಕಟ್ಟಿದೆ. ಯಾವ ಜಾಗವೂ ನನಗಾಗಿ ಕಾದಿರಲಿಲ್ಲ. ಆದರೂ ಆ ನಪಾಸು ಮೈಯೊಳಗೆ ಮುರಿದ ಮುಳ್ಳಿನಂತೆ ಇತ್ತು, ಅದನ್ನು ತೆಗೆಯದೆ ಅಡಗಲ್ಲಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ರವಿವಾರ ಮಾಸ್ತರರು ಎಲ್ಲ ದೊರೆಗಳನ್ನೂ ಒಂದು ಸುತ್ತು ಕೇಳಿ, ಕಡೆಗೆ ಕಣ್ಣು ಸಣ್ಣ ಮಾಡಿದರು.

"ಈ ಸಲ ಆ ಅಧ್ಯಕ್ಷನ ಜಾಗಾದಾಗ ಯಾರನ್ನ ಕೂಡ್ರಿಸೀಯೋ?"

"ಅವನನ್ನ ಕೂಡ್ರಿಸೇನಿ ರೀ. ನಾ ಎದ್ದೇನಿ."

ಆ ವರ್ಷ ಅವನ ಮೇಲೆ ಪ್ರಶ್ನೆಯೇ ಬರಲಿಲ್ಲ. ಬಂದದ್ದು ಕಳಿಂಗ ಗೆದ್ದ ಚಕ್ರವರ್ತಿಯ ಮೇಲೆ. ಕಾಖಂಡಕಿಯ ಮಾವನನ್ನು ನೀರಿನ ಗಡಿಗೆಯ ಹತ್ತಿರ ನಿಲ್ಲಿಸಿ, ಇಲ್ಲೇ ನಿಂದರು ಮಾವಾ, ಒಳಗ ಬರಬ್ಯಾಡ ಅಂತ ಮನಸ್ಸಿನಲ್ಲೇ ಹೇಳಿ, ಬರೆಯಲು ಶುರು ಮಾಡಿದೆ.