ಮಂಗಳದ ಧೂಳು, ಗುಮಟಾಪುರದ ಸಗಣಿ

ಗೆಳೆಯರೇ, ಮಂಗಳ ಗ್ರಹದಿಂದ ರೋವರ್ ಕಳಿಸುವ ಫೋಟೊಗಳ ಮಬ್ಬು ತೆಗೆದು, ಬಣ್ಣ ತಿದ್ದಿ, ನಿಮ್ಮ ಮೊಬೈಲಿಗೆ ಹಾಕುವ ಗಂಡಸು ತಾಳವಾಡಿ ಸೀಮೆಗೆ ನಾನೊಬ್ಬನೇ. ಆ ಜಂಬಕ್ಕೆ ಇವತ್ತು ಸರಿಯಾದ ಏಟು ಬಿತ್ತು.

ಪಕ್ಕದ ಮನೆಯ ಮಾದೇವ ತೀರಿಕೊಂಡಿದ್ದಾನೆ, ನಾಳೆ ತಿಥಿ. ಬೆಳಿಗ್ಗೆ ಅವನ ಹೆಂಡತಿ ಸಣ್ಣಮ್ಮ ಮೊಬೈಲು ಹಿಡಿದು ಬಂದಳು. ಅವನದೆಂದು ಇದ್ದದ್ದು ಒಂದೇ ಫೋಟೊ, ಅದೂ ಗುಮಟಾಪುರದಲ್ಲಿ ಒಬ್ಬರಿಗೊಬ್ಬರು ಸಗಣಿ ಎರಚಾಡುವ ಹಬ್ಬದ್ದು. ಕಣ್ಣೆರಡು ಬಿಟ್ಟರೆ ಮುಖವೆಲ್ಲ ಸಗಣಿ.

"ಅಣ್ಣೋ, ಆಕಾಸದ್ ಕಲ್ಲಿನ ಧೂಳನ್ನೇ ವರೆಸ್ತೀಯಂತೆ. ಇವರ ಮೊಕಾನೂ ವಸಿ ವರೆಸ್ಕೊಡು."

"ಅದೇನ್ ಮಹಾ ಕೆಲ್ಸ, ಕೂತ್ಕೊ ತಾಯಿ," ಎಂದೆ.

ಮಧ್ಯಾಹ್ನದವರೆಗೆ ನನ್ನ ಫೋನಿನಲ್ಲಿ ತಿದ್ದಿದೆ. ಸಗಣಿ ಹೋಯಿತು. ಅದರಡಿ ಏನಿತ್ತೆಂದು ಫೋನಿಗೇನು ಗೊತ್ತು? ತಾನೇ ಒಂದು ಮೂಗು, ಮೀಸೆ ಇಟ್ಟು ನುಣ್ಣನೆಯ ಮುಖ ಮಾಡಿಕೊಟ್ಟಿತು.

ಸಣ್ಣಮ್ಮ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಇದ್ಯಾರಣ್ಣ? ನನ್ ಗಂಡ ಇಂಗಿರ್ನಿಲ್ಲ. ಸಗಣೀನೇ ಇರ್ಲಿ ಬುಡು. ಕಣ್ಣಾದ್ರೂ ಅವರ್ದೇ ಕಣಣ್ಣ."

ಸಗಣಿ ಮುಖದ ಫೋಟೊಗೇ ಕಟ್ಟು ಹಾಕಿಸಲು ಹೋದಳು.

ಮಂಗಳದ ಕಲ್ಲಿಗೆ ನಾನು ಬಳಿದ ಬಣ್ಣವನ್ನು ನೀವೆಲ್ಲ ಹೊಗಳಿದ್ದೇ ಹೊಗಳಿದ್ದು. ಇದು ಆ ಕಲ್ಲಲ್ಲ ಎನ್ನಲು ಅಲ್ಲಿ ಸಣ್ಣಮ್ಮ ಇಲ್ಲವಲ್ಲ.