ಶಾಮಣ್ಣನವರ ಮಡಿಗಾಡಿ

ಶಾಮಣ್ಣನವರು ಬಟಾಬಯಲಿನಲ್ಲೂ ತಲೆ ತಗ್ಗಿಸುತ್ತಿದ್ದರು. ಆರಡಿಗೂ ಮೀರಿದ ಆಳು. ಮಂಡ್ಯದ ಪೇಟೆಬೀದಿಯಲ್ಲಿ ಕೊಡೆ ಹಿಡಿದು ನೆಟ್ಟಗೆ ಬರುತ್ತಿದ್ದವರು ಇದ್ದಕ್ಕಿದ್ದಂತೆ, ಎದುರಿಗೆ ಏನೋ ಅಡ್ಡ ಬಂದವರಂತೆ ಕತ್ತು ಬಗ್ಗಿಸಿ ಒಂದೆರಡು ಹೆಜ್ಜೆ ಹಾಕಿ ಮತ್ತೆ ನೆಟ್ಟಗಾಗುತ್ತಿದ್ದರು. ಶಾಲೆಯ ಹುಡುಗರು ಅವರಿಗೆ ಕೊಕ್ಕರೆ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ನಾನೂ ಆ ಶಾಲೆಗೆ ಕನ್ನಡ ಮೇಷ್ಟರಾಗಿ ಬಂದ ಹೊಸದರಲ್ಲಿ ಇವರಿಗೆ ಕತ್ತಿನ ನರ ಹಿಡಿದಿರಬೇಕು ಅಂದುಕೊಂಡಿದ್ದೆ.

ಊರಂಚಿನ ಗುತ್ತಲಿನ ಅವರ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದ ಮೇಲೆ ವಿಷಯ ಗೊತ್ತಾಯಿತು. ನಾಡಹೆಂಚಿನ ತಗ್ಗು ಸೂರಿನ ಮನೆ. ನಡುಮನೆಯಲ್ಲಿ ಅಡ್ಡಡ್ಡಲಾಗಿ ಒಂದು ಬಿದಿರಿನ ಗಳ ತೂಗುಹಾಕಿತ್ತು. ಅದರ ಮೇಲೆ ಅವರ ಅಕ್ಕ ವೆಂಕಮ್ಮನವರ ಕೆಂಪು ಮಡಿಸೀರೆ ಸದಾ ಒಣಗುತ್ತಿತ್ತು. ಯಾರ ತಲೆ ತಗುಲಿದರೂ ಅದು ಮೈಲಿಗೆ. ಮತ್ತೆ ಒಗೆಯಬೇಕು, ಮತ್ತೆ ಒಣಗಬೇಕು, ಅಲ್ಲಿಯವರೆಗೆ ಒಲೆ ಹತ್ತುವುದಿಲ್ಲ. ಹದಿಹರೆಯದಲ್ಲಿ ಉದ್ದಕ್ಕೆ ಬೆಳೆದ ತಮ್ಮ ಅಂದಿನಿಂದ ಆ ಗಳದ ಕೆಳಗೆ ಬಗ್ಗಿ ಬಗ್ಗಿ, ಕೊನೆಗೆ ಗಳ ಇಲ್ಲದ ಕಡೆಯೂ ಬಗ್ಗುವಂತಾಗಿದ್ದರು.

ವೆಂಕಮ್ಮನವರನ್ನು ನಾನೂ ಅಕ್ಕ ಅಂತಲೇ ಕರೆಯುತ್ತಿದ್ದೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ತವರಿಗೆ ಬಂದವರು. ತಾಯಿ ಸತ್ತ ಮೇಲೆ ಕೈಗೂಸಾಗಿದ್ದ ತಮ್ಮನನ್ನು ಸಾಕಿದ್ದು ಅವರೇ. ತಮ್ಮ ಮದುವೆಯಾಗಲಿಲ್ಲ, ಯಾಕೆ ಅಂತ ಇಬ್ಬರೂ ಮಾತಾಡುತ್ತಿರಲಿಲ್ಲ. ಅಕ್ಕನ ಮಡಿ ಮಾತ್ರ ಕಬ್ಬಿಣದ ಕಡಲೆ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ ಅಂತ ಯಾರೋ ಹೇಳಿದ್ದೇ ತಡ, ಬೀದಿಗೆ ಬಂದ ನಲ್ಲಿ ಅವರ ಪಾಲಿಗೆ ಸತ್ತಿತು. ಹಿತ್ತಲ ಬಾವಿಯ ನೀರು, ಹೊಳೆಯ ನೀರು ಬಿಟ್ಟು ಬೇರೆ ನೀರು ಮುಟ್ಟರು. ತಾವು ಬೇಯಿಸಿದ್ದು ಬಿಟ್ಟು ಬೇರೆ ಅನ್ನ ಉಣ್ಣರು. ಹೀಗಾಗಿ ಅವರು ಬಸ್ಸು ಹತ್ತಿದ್ದೇ ಇಲ್ಲ.

ಅವರಿಗೊಂದು ಆಸೆ ಇತ್ತು: ಸಮುದ್ರ ನೋಡಬೇಕು. ಹಪ್ಪಳ ಲಟ್ಟಿಸುತ್ತಾ ಕೇಳುವರು, “ಅಲ್ಲ ಕಣೋ ಶಾಮಾ, ಅಷ್ಟು ನೀರಿಗೂ ಉಪ್ಪಾಗಿರತ್ತಂತಲ್ಲೋ? ಹಾಕಿದೋರಿಗೆ ಕೈ ಸೋಲಲಿಲ್ವೇ?” ಶಾಮಣ್ಣನವರು ನಗುತ್ತಿರಲಿಲ್ಲ. “ಕರಕೊಂಡು ಹೋಗ್ತೀನಿ ಅಕ್ಕ. ನೀನೇ ನಾಲಿಗೆಗಿಟ್ಟು ನೋಡುವಿಯಂತೆ,” ಅನ್ನುತ್ತಿದ್ದರು.

ಒಂದು ಭಾನುವಾರ ಅವರು ಗೆಜ್ಜಲಗೆರೆಯ ಕಡೆಯಿಂದ ಸೈಕಲ್ ತುಳಿದುಕೊಂಡು ಬಂದರು. ಬಂದವರು ಅಂಗಿ ಬೆವರಿನಲ್ಲಿ ತೊಯ್ದಿದ್ದರೂ ಕೂರಲಿಲ್ಲ. ಹೆದ್ದಾರಿಯ ಹುಣಸೆಮರದಡಿ ಬಿಳಿಯ ಗಂಡಹೆಂಡತಿ ಒಂದು ವ್ಯಾನು ನಿಲ್ಲಿಸಿಕೊಂಡಿದ್ದರಂತೆ. ಅದರ ಸೂರು ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ಎದ್ದಿತ್ತಂತೆ, ಸುತ್ತ ಕ್ಯಾನ್ವಾಸಿನ ಗೋಡೆ. ಒಳಗೆ ಆ ಹೆಂಗಸು ನೆಟ್ಟಗೆ ನಿಂತು ಅಡಿಗೆ ಮಾಡುತ್ತಿದ್ದಳಂತೆ. ಅವರು ಯಾವ ದೇಶದವರು, ಎಲ್ಲಿಗೆ ಹೊರಟಿದ್ದರು ಅಂತ ನಾನು ಕೇಳಿದೆ. ಶಾಮಣ್ಣನವರು ಅದನ್ನೆಲ್ಲ ವಿಚಾರಿಸಿಯೇ ಇರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಹೋಗಿ ಕೂಗಿದರು, “ಅಕ್ಕಾ, ಆ ಗಾಡಿಯೊಳಗೆ ಗಳ ಕಟ್ಟಬಹುದು ಕಣೇ!”

ಅವರು ಶಾಲೆಯಲ್ಲಿ ಮರಗೆಲಸ ಕಲಿಸುವ ಕ್ರಾಫ್ಟ್ ಮೇಷ್ಟ್ರು. ಕೈ ಸುಮ್ಮನಿರಲಿಲ್ಲ. ಮಳವಳ್ಳಿಯಲ್ಲಿ ಮುಚ್ಚಿಹೋಗಿದ್ದ ಒಂದು ಟೂರಿಂಗ್ ಟಾಕೀಸಿನ ಪ್ರಚಾರದ ವ್ಯಾನು ಹುಡುಕಿ ತಂದರು. ಮೈತುಂಬ ಹರಿದ ಪೋಸ್ಟರು, ತಲೆಯ ಮೇಲೆ ಮೈಕು ಕೂರಿಸಿದ್ದ ತೂತು. ಅದನ್ನು ಮದ್ದೂರಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಪಾಷಾ ಸಾಬರ ಶೆಡ್ಡಿಗೆ ಎಳೆಸಿದರು. ರಜೆ ಬಂದರೆ, ಶನಿವಾರ ಬಂದರೆ ಅಲ್ಲೇ. ಕೆಲವು ಸಲ ನಾನೂ ಜೊತೆಗೆ ಹೋಗಿ ಲಾರಿ ಟೈರಿನ ಮೇಲೆ ಕೂತು ಇವರಿಬ್ಬರ ಜಗಳ ಕೇಳುತ್ತಿದ್ದೆ.

ಪಾಷಾ ಸಾಬರು ವ್ಯಾನಿನ ಸೂರು ಕುಯ್ದು ಬಿಡಿಸಿದರು. ನಾಲ್ಕು ಮೂಲೆಗೆ ಪೈಪಿನೊಳಗೆ ಪೈಪು ತೂರಿಸಿ ಕಾಲು ಕೊಟ್ಟರು. ಶಾಮಣ್ಣನವರು ಬಾವಿಯ ರಾಟೆಗಳನ್ನು ಕೂರಿಸಿ ಹಗ್ಗ ಹಾಯಿಸಿದರು. ನೀರು ಸೇದಿದ ಹಾಗೆ ಸೇದಿದರೆ ಸೂರು ಏಳಬೇಕು. ಮೊದಲ ಸಲ ಒಂದು ಮೂಲೆ ಎದ್ದು, ಇನ್ನೊಂದು ಮೂಲೆ ಎದ್ದು, ಕಿರ್ರೋ ಅಂತ ಕಿರುಚಿ ನಡುವೆ ನಿಂತುಬಿಟ್ಟಿತು. “ಪೈಪಿಗೆ ಗ್ರೀಸ್ ಬಳೀರಿ ಮೇಷ್ಟ್ರೇ, ನೆಟ್ಟಗೆ ಓಯ್ತದೆ,” ಅಂದರು ಪಾಷಾ.

“ಗ್ರೀಸಲ್ಲಿ ಕೊಬ್ಬು ಇರತ್ತಂತೆ. ಅಕ್ಕ ಒಪ್ಪಲ್ಲ. ಹರಳೆಣ್ಣೆ ಹಾಕೋಣ.”

“ಅರಳೆಣ್ಣೆನಾ? ಇದೇನು ಎತ್ತಿನಗಾಡಿನಾ? ನಾಕ್ ದಿನಕ್ಕೆ ಅಂಟಾಯ್ತದೆ. ದಿನಾ ಆಕ್ಬೇಕಾಯ್ತದೆ ನೋಡಿ!”

“ದಿನಾ ಹಾಕ್ತೀನಿ.”

ಪಾಷಾ ನನ್ನ ಕಡೆ ತಿರುಗಿ, “ಏನ್ ಸಾ ಇವ್ರು! ಬುಡಿ ಅತ್ಲಾಗೆ,” ಅಂದರು. ಆದರೂ ಹರಳೆಣ್ಣೆಯನ್ನೇ ಹಾಕಿದರು. ಚರ್ಮವಿಲ್ಲದ ನಲ್ಲಿ ಬೇಕು ಅಂದಾಗಲೂ ಬೈದುಕೊಂಡೇ ಮರದ ಬಿರಡೆ ಕಡೆಸಿಕೊಟ್ಟರು. ಬಾವಿನೀರಿಗೆ ತಾಮ್ರದ ಹಂಡೆ, ಒಣಗಿದ ಸೀರೆಗೆ ಹಲಸಿನ ಹಲಗೆಯ ಪೆಟ್ಟಿಗೆ, ಡ್ರೈವರಿಗೂ ಅಕ್ಕನಿಗೂ ನಡುವೆ ಮರದ ತಡಿಕೆ. ಡ್ರೈವರು ಪಾಷಾ ಸಾಬರೇ. ಶಾಮಣ್ಣನವರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಿ ಗೊತ್ತಿರಲಿಲ್ಲ. ಅಕ್ಕ ಇದಕ್ಕೆ ಏನನ್ನುತ್ತಾರೋ ಅಂತ ನಾವು ಹೆದರಿದ್ದೆವು. ಪಾಷಾ ಗೇಟಿನ ಹೊರಗೆ ನಿಂತು, “ಬಂಡಿ ಎಳೆಯೋ ಎತ್ತಿನ ಜಾತಿ ಯಾರಾದ್ರೂ ಕೇಳ್ತಾರಾ ಅಮ್ಮಾ?” ಅಂದರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು.

ನಾನು ದುದ್ದದ ಕಡೆಯವನು, ಒಕ್ಕಲು ಮನೆತನದವನು. ಬಾಡಿಗೆ ಕೊಟ್ಟೂ ನಡುಮನೆ ದಾಟಲಾರದ ನನಗೆ ಈ ಮಡಿಯ ಮೇಲೆ ಸಿಟ್ಟಿತ್ತು. ಒಂದು ಸಂಜೆ ಮದ್ದೂರಿನಿಂದ ಬಸ್ಸಿನಲ್ಲಿ ಬರುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ಲ ಸಾ, ಇಷ್ಟೆಲ್ಲ ಯಾಕೆ? ಅಕ್ಕಾರು ನಾಕು ದಿನ ಮಡಿ ಬುಟ್ರೆ ರೈಲಲ್ಲೇ ಓಗ್ಬರಬೌದಲ್ಲ?”

ಶಾಮಣ್ಣನವರು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಲೇ ಹೇಳಿದರು: “ಅವಳ ಕೂದಲು ತೆಗೆಸಿದೋರು ನಾವು. ಬಳೆ ಒಡೆದೋರು ನಾವು. ಬಣ್ಣದ ಸೀರೆ, ಹೂವು, ಎಲ್ಲ ಕಿತ್ಕೊಂಡು ಈ ಮಡಿ ಒಂದನ್ನ ಅವಳ ಕೈಗೆ ಕೊಟ್ವಿ. ಅವಳದು ಅಂತ ಇರೋದು ಅದೊಂದೇ ಕಣಪ್ಪ. ಈಗ ಸಮುದ್ರ ತೋರಿಸ್ತೀನಿ, ಅದನ್ನೂ ಕೊಡು ಅಂತ ಹೇಗೆ ಕೇಳಲಿ?”

ನಾನು ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಸಿಟ್ಟು ಹೋಗಲಿಲ್ಲ, ಆದರೆ ಅದು ಅಕ್ಕನ ಮೇಲಿನ ಸಿಟ್ಟಾಗಿ ಉಳಿಯಲಿಲ್ಲ.

ಗಾಡಿ ಸಿದ್ಧವಾಯಿತು. ಕನ್ಯಾಕುಮಾರಿಗೆ ಹೋಗುವುದು ಅಂತ ನಿಶ್ಚಯವಾಗಿತ್ತು; ಅದಕ್ಕೆ ಮೊದಲು ಒಂದು ದಿನದ ಅಭ್ಯಾಸಕ್ಕೆ ಮಳವಳ್ಳಿ ದಾಟಿ ಗಗನಚುಕ್ಕಿಯ ಹತ್ತಿರ ಹೊಳೆದಂಡೆಗೆ ಹೋದೆವು. ಅಕ್ಕ ದಾರಿಯುದ್ದಕ್ಕೂ ತಡಿಕೆಯ ಸಂದಿನಿಂದ ನೋಡುತ್ತಾ, ಕಂಡ ಕಂಡ ಊರಿನ ಹೆಸರು ಕೇಳಿದರು. ಹೊಂಗೆಮರದ ಕೆಳಗೆ ಸೂರು ಏರಿತು. ಅಕ್ಕ ಹೊಳೆಯಲ್ಲಿ ಮಿಂದು, ಒಗೆದ ಸೀರೆಯನ್ನು ಕೋಲಿನಿಂದ ಗಳದ ಮೇಲೆ ಹರವಿ, ನೆಟ್ಟಗೆ ನಿಂತು ಹುಳಿಯನ್ನ ಕಲಸಿದರು. ಅವರು ಮನೆಯ ಹೊರಗೆ ಉಂಡದ್ದು ಅದೇ ಮೊದಲು. ಶಾಮಣ್ಣನವರು ಗಾಡಿಯ ಸುತ್ತ ಬೀಗರ ಮನೆಯ ಯಜಮಾನನ ಹಾಗೆ ತಿರುಗುತ್ತಿದ್ದರು.

ಹೊರಡುವ ಹೊತ್ತಿಗೆ ಹಗ್ಗ ಸಡಿಲಿಸಿದರು. ಸೂರು ಕಿರ್ರೆನ್ನುತ್ತಾ ಇಳಿಯಿತು. ಸೂರಿನ ಜೊತೆ ಗಳ ಇಳಿಯಿತು. ಗಳದ ಜೊತೆ ಒದ್ದೆ ಸೀರೆಯೂ ಇಳಿದು ಒಲೆಯ ಮೇಲೆ, ಹಂಡೆಯ ಮೇಲೆ, ಶಾಮಣ್ಣನವರ ತಲೆಯ ಮೇಲೆ ಬಿತ್ತು. ಎಲ್ಲವೂ ಮೈಲಿಗೆ. ಅಷ್ಟು ದಿನ ಏರಿಸುವುದನ್ನೇ ಯೋಚಿಸಿದ್ದ ಮೂವರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಲೋ ಶಾಮಾ, ಇಷ್ಟು ದೊಡ್ಡ ರಥ ಕಟ್ಟಿದೆ, ನನ್ನ ಸೀರೆ ಎಲ್ಲಿಗೆ ಬರತ್ತೆ ಅಂತ ನೋಡಲಿಲ್ವಲ್ಲೋ!”

ಕೆಂಪು ಸೀರೆಯೊಳಗಿಂದ ಮುಖ ಹೊರಗೆ ಹಾಕಿ ಶಾಮಣ್ಣನವರು ಅಂದರು, “ಆಯ್ತು ಬಿಡು. ದಿನಾ ಸೀರೆ ಒಣಗಿದ ಮೇಲೆ ಪೆಟ್ಟಿಗೆಗೆ ಹಾಕಿ ಹೊರಟರಾಯ್ತು. ಸಮುದ್ರ ಎಲ್ಲೂ ಓಡಿಹೋಗಲ್ಲ.”

ದಸರಾ ರಜೆಯಲ್ಲಿ ಹೊರಡುವ ದಿನ ಗೊತ್ತಾಯಿತು. ಅಂಗಳದಲ್ಲಿ ಗಾಡಿ ನಿಂತಿತ್ತು, ಹಿಂದಿನ ದಿನವೇ ಸೂರು ಏರಿಸಿ ಸೀರೆ ಹರವಿದ್ದರು. ಆದರೆ ಇರುಳೆಲ್ಲ ಜಡಿಮಳೆ ಹಿಡಿದು ಬೆಳಿಗ್ಗೆ ಪಾಷಾ ಸಾಬರು ಬಂದಾಗ ಸೀರೆ ಹಸಿಹಸಿ. ಅಕ್ಕನ ಬಳಿ ಇದ್ದದ್ದು ಎರಡೇ, ಉಟ್ಟದ್ದೊಂದು, ಒಣಗಬೇಕಾದ್ದೊಂದು. “ನಾಳೆ ಅದನ್ನ ಒದ್ದೇದೇ ಉಡ್ತೀನಿ. ಒದ್ದೆಯೂ ಮಡಿಯೇ. ಹೊರಡೋಣ ಕಣೋ,” ಅಂದರು ಅಕ್ಕ. ಅವರಿಗೆ ಆಗಲೇ ಅವಸರ ಹತ್ತಿತ್ತು. ದಾರಿಗೆ ಬುತ್ತಿಯೂ ಕಟ್ಟಿಯಾಗಿತ್ತು.

“ನಿನ್ನ ಉಬ್ಬಸಕ್ಕೆ ಒದ್ದೆ ಸೀರೆ ಬೇರೆ ಕೇಡು. ಒಣಗಲಿ. ನಾಳೆ ಬನ್ನಿ ಸಾಬರೇ,” ಅಂದರು ತಮ್ಮ.

“ಒಂದಿನ ತಡ ಆದ್ರೆ ಏನೂ ಮುಳುಗೋಗಕಿಲ್ಲ ಕಣಮ್ಮ,” ಅಂತ ಪಾಷಾ ಮದ್ದೂರಿಗೆ ವಾಪಸಾದರು.

ಮಧ್ಯಾಹ್ನ ಬಿಸಿಲು ಬಂತು. ಶಾಮಣ್ಣನವರು ಗಾಡಿಯ ಹತ್ತಿರ ಏನೋ ಮಾಡುತ್ತಿದ್ದುದನ್ನು ನನ್ನ ಕಿಟಕಿಯಿಂದ ಕಂಡೆ. ಆಮೇಲೆ ಜಗುಲಿಯ ಆರಾಮಕುರ್ಚಿಯಲ್ಲಿ ಒರಗಿ, ಸೀರೆ ಗಾಳಿಗೆ ಆಡುವುದನ್ನು ನೋಡುತ್ತಿದ್ದರು. ಅಕ್ಕ ಕಾಫಿಗೆ ಕರೆದರು. ಮತ್ತೆ ಕರೆದರು. ಬಾಗಿಲಿಗೆ ಬಂದು ನಿಂತು ನನ್ನನ್ನು ಕೂಗಿದರು: “ಯಾಕೋ ಏಳ್ತಿಲ್ಲ. ನಾನು ಮಡೀಲಿದೀನಿ, ನೀನು ಮುಟ್ಟಿ ನೋಡಪ್ಪ.”

ಮುಟ್ಟಿ ನೋಡಿದೆ. ನನ್ನ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು, ಹೊಸಿಲು ದಾಟಲಿಲ್ಲ. ನೋವು ಅಂತ ಒಂದು ಮಾತು ಆಡದೆ ಹೋಗಿಬಿಟ್ಟಿದ್ದರು ಶಾಮಣ್ಣನವರು.

ಒಳಗೆ ಸ್ನಾನ ಮಾಡಿಸಿ ಹೊರಗೆ ತರುವಾಗ ನಡುಮನೆಯ ಗಳದ ಕೆಳಗೇ ಬರಬೇಕಿತ್ತು. ಅಂದು ನನ್ನನ್ನು ಯಾರೂ ತಡೆಯಲಿಲ್ಲ; ಹೊತ್ತವರೆಲ್ಲ ಬಗ್ಗಿದೆವು. ಅವರೊಬ್ಬರೇ ಬಗ್ಗಲಿಲ್ಲ. ನನಗೆ ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಮಳವಳ್ಳಿಯ ದಾಯಾದಿಯೊಬ್ಬರು ಕರ್ಮ ಮಾಡಿದರು. ಸೂತಕ ಕಳೆಯುವವರೆಗೂ ಗಾಡಿಯ ಸೂರು ಏರಿದ್ದು ಹಾಗೇ ಇತ್ತು. ಸೀರೆಯೂ ಎಂದೋ ಒಣಗಿ ಹಾಗೇ ತೂಗುತ್ತಿತ್ತು. ಅಕ್ಕ ಜಗುಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಒಂದು ದಿನ, ಯಾರನ್ನೂ ಉದ್ದೇಶಿಸದೆ, “ಸಮುದ್ರ ಎಲ್ಲೂ ಹೋಗಲ್ಲ ಅಂದ. ತಾನು ಹೋದ. ನಾನು ಮುಟ್ಟಲೂ ಇಲ್ಲ,” ಅಂದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಪಾಷಾ ಸಾಬರು ಬಂದರು, ಎಂದಿನಂತೆ ಗೇಟಿನ ಹೊರಗೆ ನಿಂತರು. ನಾನು ಅಕ್ಕನಿಗೆ, “ನೀವು ಊಂ ಅನ್ನಿ, ನಾನೂ ಜೊತೆಗೆ ಬತ್ತೀನಿ. ಸಮುದ್ರ ನೋಡ್ಕೊಂಡು ಬರಾನ,” ಅಂದೆ. ಅಕ್ಕ ತಲೆ ಆಡಿಸಿದರು. “ತೋರಿಸೋನು ಇಲ್ಲ. ನಾನೊಬ್ಬಳೇ ಉಪ್ಪು ನೋಡಿ ಏನು ಮಾಡಲಿ? ಪಾಷಾ, ಸೂರು ಇಳಿಸಿ ಗಾಡೀನ ನೀನೇ ತಗೊಂಡು ಹೋಗಪ್ಪ. ಒಳಗೆ ಬಾ.”

ಪಾಷಾ ಗಾಡಿಯ ಹತ್ತಿರ ಬಂದು ಹಗ್ಗಕ್ಕೆ ಕೈಹಾಕಿದವರು ನಿಂತುಬಿಟ್ಟರು. “ಅಮ್ಮಾ, ಮೊದ್ಲು ಸೀರೆ ಎತ್ಕಳಿ. ನಾನ್ ಇಳಿಸಿದ್ರೆ ತಗುಲ್ತದೆ.”

“ತಗುಲಲಿ,” ಅಂದರು ಅಕ್ಕ.

ಪಾಷಾ ನನ್ನ ಮುಖ ನೋಡಿದರು. ಅವರು ಗಾಡಿಯ ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ಹೊಳೆದಂಡೆಯಲ್ಲಿ ಅಕ್ಕ ಮಾಡಿದ್ದ ಹಾಗೆಯೇ, ಮೈಗೆ ಸೋಕದಂತೆ ಸೀರೆಯನ್ನು ಗಳದಿಂದ ಎತ್ತಿ ತಂದು ಅಕ್ಕನ ಮಡಿಲಿಗೆ ಇಳಿಸಿದರು. ಅಕ್ಕ ಅದರಲ್ಲಿ ಮುಖ ಹುದುಗಿಸಿಕೊಂಡರು.

ಆಮೇಲೆ ಪಾಷಾ ಹಗ್ಗ ಸಡಿಲಿಸಿದರು. ಕಿರ್ರೆನ್ನುತ್ತದೆ ಅಂತ ನಾನು ಕಿವಿಗೊಟ್ಟಿದ್ದೆ. ಸೂರು ಒಂದಿಷ್ಟೂ ಸದ್ದಿಲ್ಲದೆ ಇಳಿದು ಕೂತಿತು. ಪಾಷಾ ಸಾಬರು ಪೈಪಿನ ಮೇಲೆ ಬೆರಳಾಡಿಸಿ, ಮೂಗಿನ ಹತ್ತಿರ ಹಿಡಿದು ನೋಡಿದರು.

“ಅರಳೆಣ್ಣೆ. ಇನ್ನೂ ಅಂಟಾಗಿಲ್ಲ,” ಅಂದರು. “ಒಂಟೋಗೋ ದಿನಾನೂ ಆಕವ್ರೆ.”